ಗಡಿಗೆಯೊಳಗಿನ ಹೋಮ್ ಥಿಯೇಟರ್

ಹರಿಹರದಲ್ಲಿ ಎರಡು ಗಡಿಗೆ ಹಿಡಿದುಕೊಂಡು ಬಸ್ ಹತ್ತಿದೆ. ದಾವಣಗೆರೆಯಲ್ಲಿ ಇಳಿಯುವಷ್ಟರಲ್ಲಿ ನನ್ನ ಮಗಳ ಮದುವೆ ಗೊತ್ತಾಗಿಹೋಗಿತ್ತು!

ಅವಳಿನ್ನೂ ಆರನೇ ಕ್ಲಾಸು.

ತಪ್ಪು ಬಸ್ಸಿನವರದ್ದಲ್ಲ. ನಮ್ಮ ಕಡೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದ ಜೋಡಿ ಗಡಿಗೆ ಹಿಡಿದು ಹೊರಟರೆ ಅದಕ್ಕೆ ಒಂದೇ ಅರ್ಥ. ಮನೆಯಲ್ಲಿ ಮದುವೆ. ಪಕ್ಕದ ಸೀಟಿನ ಹಿರಿಯರು 'ಬೀಗರು ಯಾವೂರಿನೋರು?' ಅಂತ ಕೇಳಿದರು. ಏನಂತ ಹೇಳಲಿ? ಗಡಿಗೆ ಟಿವಿಗೆ ಅಂತಲೇ?

ಆದರೆ ಅದು ಟಿವಿಗೇ.

ನಮ್ಮಪ್ಪ ಬದುಕಿಡೀ ಕಾಟನ್ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತವರು. ಮಿಲ್ಲು ಅವರ ಬಲಗಿವಿಯನ್ನು ಪೂರ್ತಿ ಇಟ್ಟುಕೊಂಡಿತು. ಎಡಗಿವಿ ಅಷ್ಟಿಷ್ಟು ಉಳಿದಿದೆ. ಟಿವಿ ನೋಡುವಾಗ ನಿಮಿಷಕ್ಕೊಮ್ಮೆ 'ಏನಂದ?' ಅನ್ನುತ್ತಿದ್ದರು. ನಾವು 'ಶ್!' ಅನ್ನುತ್ತಿದ್ದೆವು. ಸೌಂಡ್ ಜಾಸ್ತಿ ಮಾಡಿದರೆ ಮಹಡಿ ಮನೆಯವರು ಇಳಿದು ಬರುತ್ತಿದ್ದರು (ಎಂ.ಸಿ.ಸಿ. ಬಡಾವಣೆಯಲ್ಲಿ ಯಾರ ಮನೆ ಮಕ್ಕಳಿಗೆ ಪರೀಕ್ಷೆ ಇರುವುದಿಲ್ಲ ಹೇಳಿ?). ಕೊನೆಗೊಂದು ದಿನ ಅಪ್ಪ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ವರಾಂಡದಲ್ಲಿ ಹಾಕಿಕೊಂಡರು. ನಾವೆಲ್ಲ ಒಳಗೆ ನಗುತ್ತಿದ್ದರೆ ಅವರು ಹೊರಗೆ ಕೂತು ರಸ್ತೆ ನೋಡುತ್ತಿದ್ದರು.

ಆ ಕುರ್ಚಿ ಒಳಗೆ ಬರಲೇಬೇಕು ಅಂತ ಅವತ್ತೇ ಹಟ ಹಿಡಿದೆ.

ಅಂಗಡಿಯವರು ತೋರಿಸಿದ್ದು ಐದು ಸ್ಪೀಕರಿನ ಹೋಮ್ ಥಿಯೇಟರ್. ಮೇಷ್ಟ್ರ ಸಂಬಳಕ್ಕೆ ಅದನ್ನು ನೋಡುವುದಷ್ಟೇ ಫ್ರೀ. ರೇಡಿಯೋ ರಿಪೇರಿಯ ಗೆಳೆಯ ಮಂಜಣ್ಣ ಬೇರೆ ದಾರಿ ಹೇಳಿದ. ಒಂದು ಹಳೇ ಆಂಪ್ಲಿಫೈಯರ್, ಎರಡು ಸ್ಪೀಕರ್. ಮರದ ಪೆಟ್ಟಿಗೆ ಬದಲು ಮಣ್ಣಿನ ಗಡಿಗೆ. ಆಟೋದವರ ಹಳೇ ಟೆಕ್ನಿಕ್ಕು. ವೈರಿಗೊಂದು ತೂತು ಹೊಡೆದು ಗಡಿಗೆಯ ಬಾಯಿಗೆ ಸ್ಪೀಕರ್ ಕೂರಿಸಿದರೆ ದನಿ ದುಂಡಗಾಗುತ್ತದೆ.

ಸರಿ, ಹರಿಹರದ ಕುಂಬಾರರ ಮನೆಗೆ ಹೋದೆ. ಒಂದೇ ಅಳತೆಯ ಜೋಡಿ ಗಡಿಗೆ ಬೇಕು, ಸಣ್ಣ ಸೀಳೂ ಇರಬಾರದು ಅಂದೆ. ಅಲ್ಲಿದ್ದ ಅಜ್ಜಿ, 'ಮನ್ಯಾಗೆ ಶುಭಕಾರ್ಯ ಏನಪ್ಪಾ?' ಅಂತ ಕೇಳಿತು. ಹೋಮ್ ಥಿಯೇಟರಿಗಿಂತ ಶುಭಕಾರ್ಯ ಯಾವುದಿದೆ? ಹೂಂ ಅಂದು ಟೀ ಕುಡಿಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಗಡಿಗೆಗಳು ಸುಣ್ಣ ಬಳಿಸಿಕೊಂಡು ಮದುವೆಗೆ ರೆಡಿ!

ಮನೆಯಲ್ಲಿ ಅಮ್ಮ ಅವಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು, ಆಮೇಲೆ ಯಾಕೆ ತಂದೆ ಅಂತ ಕೇಳಿದಳು. ಹೇಳಿದೆ. 'ಮದುವಿ ಗಡಿಗಿಗೆ ತೂತು ಹೊಡೀತೀಯಾ? ನಾನಿರೋ ತನಕ ಆಗಂಗಿಲ್ಲ ನೋಡು!' ಗಡಿಗೆಗಳು ಸೀದಾ ದೇವರ ಮನೆ ಸೇರಿದವು. ಮೊಮ್ಮಗಳ ಮದುವೆಗೆ ಇರಲಂತೆ.

ನಾನು ಬಿಡುತ್ತೇನೆಯೇ? ಮುಂದಿನ ಭಾನುವಾರ ಮತ್ತೆ ಹರಿಹರದ ಬಸ್ಸು.

'ಜೋಡಿ ಗಡಿಗಿ ಕೊಡಮ್ಮಾ. ಈ ಸಲ ಏನೂ ಬಳೀಬ್ಯಾಡ' ಅಂದೆ. ಅಜ್ಜಿಯ ಮುಖ ಸಣ್ಣದಾಯಿತು. 'ಯಾಕಪ್ಪಾ, ಮದುವಿ ಮುರೀತಾ?'

'ಇಲ್ಲಮ್ಮಾ, ಟಿವಿಗೆ!' ಅಂದೆ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಿತು.

ಮಂಜಣ್ಣ ಬಂದು ವೈರ್ ಎಳೆದ. ಟಿವಿಯ ಎಡಕ್ಕೊಂದು, ಬಲಕ್ಕೊಂದು ಗಡಿಗೆ ಇಟ್ಟ. ನಾನು ಒಂದನ್ನು ಎತ್ತಿಕೊಂಡು ಬಂದು ಹಾಲಿನ ಈ ತುದಿಯಲ್ಲಿ, ಅಪ್ಪನ ಕುರ್ಚಿ ಬರಬೇಕಾದ ಜಾಗದ ಎಡಕ್ಕೆ, ಸಿಂಬೆಯ ಮೇಲೆ ಓರೆಯಾಗಿ ಕೂರಿಸಿದೆ.

'ಅಯ್ಯೋ ಮೇಷ್ಟ್ರೇ, ಹಿಂಗಿಟ್ರೆ ಸ್ಟೀರಿಯೋ ಎಫೆಕ್ಟೇ ಹೋಗ್ತತಲ್ರಿ!'

'ಹೋದ್ರೆ ಹೋಗ್ಲಿ ಬಿಡು ಮಂಜಣ್ಣ.'

ವರಾಂಡಕ್ಕೆ ಹೋಗಿ ಅಪ್ಪನ ಎಡಗಿವಿಯ ಹತ್ತಿರ ಬಾಗಿ 'ಒಳಗ ಬರ್ರಿ' ಅಂದೆ. 'ಬ್ಯಾಡ ಬಿಡು, ನಿಮಗೆ ತೊಂದ್ರಿ' ಅಂದರು. ನಾನು ಮಾತು ಬೆಳೆಸದೆ ಕೈಹಿಡಿದು ಎಬ್ಬಿಸಿ, ಕುರ್ಚಿ ಎತ್ತಿಕೊಂಡು ಒಳಗೆ ನಡೆದೆ. ಕುರ್ಚಿಯ ಹಿಂದೆ ಅವರೂ ಬಂದರು.

ಟಿವಿಯಲ್ಲಿ ಯಾವುದೋ ಹಳೇ ಕಪ್ಪು ಬಿಳುಪು ಸಿನಿಮಾ. ಅಪ್ಪ ಮೊದಲು ಗಡಿಗೆಯನ್ನು ಅನುಮಾನದಿಂದ ನೋಡಿದರು. ಆಮೇಲೆ ಅದರ ಕಡೆ ಸ್ವಲ್ಪ ವಾಲಿದರು. ಹಾಸ್ಯದವನು ಏನೋ ಅಂದ. ನಾವು ನಗುವ ಮೊದಲೇ ಅಪ್ಪ ನಕ್ಕುಬಿಟ್ಟರು! ಮಹಡಿಯಿಂದ ಯಾರೂ ಇಳಿದು ಬರಲಿಲ್ಲ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ 'ರೊಟ್ಟಿ ಆರ್ತಾವು, ಏಳ್ರಿ' ಅಂದಳು. ನಾನೂ ಹೂಂ, ಏಳೋಣ ಅಂದೆ. ಅಪ್ಪ ಟಿವಿಯಿಂದ ಕಣ್ಣು ಕೀಳದೆ ಬೆರಳೆತ್ತಿದರು.

'ಶ್! ಸುಮ್ನಿರ್ರಿ ಅತ್ಲಾಗೆ. ನಿಮ್ಮ ಗದ್ದಲದಾಗ ಅವ ಏನಂದ ಅಂತ ಕೇಳ್ಸಂಗಿಲ್ಲ!'

ಐದು ಸ್ಪೀಕರ್ ಇಟ್ಟುಕೊಂಡವರೇ, ಇಷ್ಟು ಸೊಗಸಾಗಿ ಬೈಸಿಕೊಳ್ಳುವ ಭಾಗ್ಯ ನಿಮಗಿದೆಯೇ?