ಕೊಸರಿನ ಕೈ

ನಮ್ಮೂರ ದೊಡ್ಡ ಮಾರ್ಟ್ ಅಂಗಡಿಯ ಎರಡನೇ ಮಹಡಿಯ ಬೀರುವಿನಲ್ಲಿ ಒಂದು ಕಾಗದವಿದೆ. 'ಪ್ಯೊ ಮಲ್ಸುನ್ ಆದ ನಾನು ಮಾರ್ಟಿನ ಮಾಲನ್ನು ಕದ್ದೆ' ಎಂದು ಅದರಲ್ಲಿ ಟೈಪ್ ಮಾಡಿದ್ದಾರೆ. ಬರೆಸಿದ್ದು ಮಾರ್ಟಿನವರು, ಅವಳಲ್ಲ. ಅವಳ ಕೈಯಿಂದ ಆ ಕದ್ದ ಮಾಲನ್ನು ಇಸಿದುಕೊಂಡವಳು ನಾನು. ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವಳೆಂದು ತಿಳಿಯುವುದು ಬೇಡ.

ನಾನು ತಾಕ್ ಒಕ್ಬುನ್. ಸೊಮ್‌ಜಿನ್ ಹೊಳೆಯ ದಂಡೆಯ ಈ ಪೇಟೆಯಲ್ಲಿ ಒಣಮೀನು, ಕಡಲಪಾಚಿ ಮಾರುತ್ತೇನೆ. ಮೂವತ್ತೊಂದು ವರ್ಷ ನನ್ನ ಅಂಗಡಿಯ ಎದುರಿಗೇ ಮಲ್ಸುನಳ ತೋಫು ಅಂಗಡಿಯಿತ್ತು, ಸೋಯಾ ಹಾಲು ಒಡೆಸಿ ಗಟ್ಟಿ ಮಾಡಿ ಮಾರುವುದು. ಅವಳು ಅಪ್ಪನಿಗೆ ಐದನೇ ಹೆಣ್ಣು. ಮಲ್ಸುನ್ ಎಂದರೆ ಸಾಕಮ್ಮ ಎಂದಿಟ್ಟ ಹಾಗೆ, ಇನ್ನು ಹೆಣ್ಣು ಬೇಡ ಎಂದು ದೇವರಿಗೆ ಕಳಿಸಿದ ಅರ್ಜಿ. ಮದುವೆಯಾಗಿ ಬಂದ ಮರುವಾರವೇ ಅತ್ತೆಯ ಜೊತೆ ಸೋಯಾ ಬೀಸಲು ಕೂತಳು. ಅತ್ತೆ ಹೋದಳು, ಗಂಡನೂ ಹೋದ, ಒಲೆ ಮಾತ್ರ ಆರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಅವಳ ಅಂಗಡಿಯಿಂದ ಹಬೆ ಏಳುತ್ತಿತ್ತು. ಆ ಹಬೆ ಕಂಡರೆ ನಾವು ನಮ್ಮ ಬಾಗಿಲು ತೆಗೆಯುತ್ತಿದ್ದೆವು.

ತೋಫು ಯಾರಾದರೂ ಮಾಡಿಯಾರು. ಅವಳ ಹೆಸರಿದ್ದದ್ದು ಕೊಸರಿಗೆ.

ನಮ್ಮ ಪೇಟೆಯಲ್ಲಿ ಕೊಸರಿಗೊಂದು ಕ್ರಮವಿದೆ. ಕೊಳ್ಳುವವಳು ಕೇಳಬೇಕು, ಮಾರುವವಳು ಮೊದಲು ಇಲ್ಲ ಎನ್ನಬೇಕು, ಇಬ್ಬರೂ ಒಂದೆರಡು ಮಾತು ಜಗಳವಾಡಬೇಕು, ಆಮೇಲೆ ಕೊಡಬೇಕು. ಕೇಳದೆ ಹೋದರೆ ಮಾರುವವಳಿಗೆ ಅವಮಾನ. ಕೇಳಿದ ಕೂಡಲೇ ಕೊಟ್ಟರೆ ಕೊಳ್ಳುವವಳಿಗೆ ಸಪ್ಪೆ. ನಾನು ದಿನಾ ಕೇಳುತ್ತಿದ್ದೆ, ಅವಳು ದಿನಾ ಬೈಯುತ್ತಿದ್ದಳು.

"ನಿನ್ ಗಂಡನ ಹೊಟ್ಟೆ ಅರ್ಧ ನನ್ ಕೊಸರಿಂದಲೇ ಬಂದಿರೋದು ಅಕ್ಕ. ಅದಕ್ಕೆ ಬಾಡಿಗೆ ಕೊಡೋಕೆ ಹೇಳು."

"ಇನ್ನರ್ಧ ಕುಡಿದು ಬಂದಿದ್ದು. ಆ ಬಾಡಿಗೆ ಹೆಂಡದಂಗಡಿಯವನಿಗೆ ಕೊಡ್ತಾನೆ, ನೀನು ಹಾಕೇ."

ಹಾಕುತ್ತಿದ್ದಳು. ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲ. ಮುಖ ನೋಡಿ ಹಾಕುವಳು. ಬಾಣಂತಿಯಾದರೆ ಅಂಗೈ ಅಗಲದ ತುಂಡು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಬೇಯಿಸಿಕೊಳ್ಳುವ ಹಳೆಯ ಪೋಸ್ಟ್‌ಮನ್ ಯೊಮ್ ಅಜ್ಜನಿಗೆ ಸಾರಿಗೆಂದು ಹಾಲು ಹಿಂಡಿ ಉಳಿದ ಸೋಯಾ ಚರಟ ಎರಡು ಹಿಡಿ. ಅದು ದಾನವಲ್ಲ. ನಿನ್ನ ಮುಖ ನೋಡಿದೆ, ನಾಳೆಯೂ ಬಾ ಎಂದು ಹೇಳುವ ರೀತಿ.

ಹೊಳೆಯಾಚೆಯ ಭತ್ತದ ಗದ್ದೆಗೆ ಮಣ್ಣು ತುಂಬಿ ಮಾರ್ಟ್ ಕಟ್ಟಿದರು. ಮೊದಲ ವಾರ ತೋಫು ಮಾರಿದ್ದು ಸೋಯಾ ಕಾಳಿನ ಬೆಲೆಗಿಂತ ಕಡಿಮೆಗೆ, ಅದೂ ಎರಡು ಪೊಟ್ಟಣವನ್ನು ಹಳದಿ ಟೇಪಿನಲ್ಲಿ ಸುತ್ತಿ, ಒಂದು ಕೊಂಡರೆ ಒಂದು ಬಿಟ್ಟಿ. ಸೇತುವೆಯ ತನಕ ಸಾಲು. ಆ ಸಾಲಿನಲ್ಲಿ ನಾನೂ ಇದ್ದೆ, ಮುಖಕ್ಕೆ ಮಾಸ್ಕ್ ಏರಿಸಿ ಟೋಪಿ ಕೆಳಗೆಳೆದುಕೊಂಡು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ. ವಾಪಸು ಬರುವಾಗ ಸೇತುವೆಯ ಮೇಲೆ ಮಲ್ಸುನ್ ಕೈಗಾಡಿ ತಳ್ಳಿಕೊಂಡು ಎದುರಾದಳು. ನನ್ನ ಚೀಲ ನೋಡಿದಳು.

"ಅಕ್ಕ, ಮನೆಗೆ ಹೋದ ಕೂಡ್ಲೇ ತಣ್ಣೀರಲ್ಲಿ ಹಾಕಿಡು. ಇಲ್ದಿದ್ರೆ ಸಂಜೆಗೆ ಹುಳಿ ಬರುತ್ತೆ," ಎಂದಳು. ಅಷ್ಟೇ. ಕೆನ್ನೆಗೆ ಎರಡು ಬಿಗಿದಿದ್ದರೆ ನಾನು ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ಆ ಎರಡನೇ ಪೊಟ್ಟಣವನ್ನು ಕೊಟ್ಟದ್ದು ಮಾರ್ಟ್ ಎಂದು ನಾವೆಲ್ಲ ತಿಳಿದಿದ್ದೆವು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಬಿಟ್ಟಿ ಪೊಟ್ಟಣದ ನಷ್ಟ ಮಾರ್ಟಿಗೆ ತೋಫು ಮಾಡಿಕೊಡುವ ಪಕ್ಕದೂರಿನ ಕಾರ್ಖಾನೆಯವನ ತಲೆಗೆ, ಒಪ್ಪದಿದ್ದರೆ ಅವನ ಮಾಲಿಗೆ ಮಾರ್ಟಿನಲ್ಲಿ ಜಾಗವಿಲ್ಲ. ಅವನು ಹನ್ನೆರಡು ಜನ ಹೆಂಗಸರನ್ನು ಮನೆಗೆ ಕಳಿಸಿ ಲೆಕ್ಕ ಸರಿಮಾಡಿಕೊಂಡ. ಆ ಹನ್ನೆರಡರಲ್ಲಿ ಒಬ್ಬಳು ನನ್ನ ನಾದಿನಿ. ಅವಳ ಅನ್ನವನ್ನು ಅಗ್ಗಕ್ಕೆ ಕೊಂಡು ತಂದು ನಾನು ತಣ್ಣೀರಲ್ಲಿ ಹಾಕಿಟ್ಟಿದ್ದೆ.

ಮಲ್ಸುನ್ ಎರಡು ಚಳಿಗಾಲ ತಡೆದಳು. ಅವಳು ಅಂಗಡಿ ಬಾಗಿಲು ಹಾಕಿದ ಮೇಲೆ ಅವಳಿಗೆ ಸೋಯಾ ಕೊಡುತ್ತಿದ್ದ ಗುಡ್ಡದಾಚೆಯ ರೈತ ನನ್ನ ಅಂಗಡಿಗೆ ಬರುವುದು ನಿಂತಿತು. ಅವನು ಅವಳಿಂದ ಪಡೆದದ್ದರಲ್ಲೇ ನನ್ನ ಒಣಮೀನು ಕೊಳ್ಳುತ್ತಿದ್ದ, ನಾನು ಅದರಲ್ಲೇ ಎಳ್ಳೆಣ್ಣೆ ಗಾಣದವಳಿಗೆ ಕೊಡುತ್ತಿದ್ದೆ. ಗಾಣ ನಿಂತಿತು. ಊರ ದುಡ್ಡು ಊರಲ್ಲೇ ಸುತ್ತುತ್ತಿದ್ದದ್ದು ಈಗ ದಿನಾ ಸಂಜೆ ಸೋಲ್ ನಗರದ ಮಾರ್ಟ್ ಕಂಪನಿಗೆ ಹೊರಡುತ್ತದೆ. ಪೇಟೆಯಲ್ಲಿ ಒಲೆಗಳೆಲ್ಲ ಆರಿದ್ದು ಖಾತ್ರಿಯಾದ ಮೇಲೆ ಮಾರ್ಟಿನ ತೋಫು ಬೆಲೆ ಎದ್ದು ನಿಂತಿತು. ಹಳದಿ ಟೇಪು ಹಾಗೆಯೇ ಇದೆ, ಅಗ್ಗ ಮಾತ್ರ ಹೋಗಿದೆ.

ಪೇಟೆಯನ್ನು ಕೊಂದವರಿಗೆ ಆಮೇಲೆ ಪೇಟೆಯ ವಾಸನೆ ಬೇಕಾಯಿತು. ಮಾರ್ಟಿನೊಳಗೆ 'ಸಂತೆಯ ಮೂಲೆ' ಎಂದು ಮಾಡಿದರು. ತೋಫು ಕತ್ತರಿಸಿ ಕೊಡಲು ಮಲ್ಸುನಳನ್ನೇ ಕರೆದರು. ಐವತ್ತೆಂಟು ವರ್ಷದ ವಿಧವೆಗೆ ಬೇರೆ ಯಾರು ಕೆಲಸ ಕೊಡುತ್ತಾರೆ, ಹೋದಳು. ತಲೆಗೆ ಹೂವಿನ ವಸ್ತ್ರ ಕಟ್ಟಿಸಿ, ತೋಫು ತುಂಡನ್ನು ಕೈಯಲ್ಲಿ ಮುಂದೆ ಚಾಚಿಸಿ ಫೋಟೋ ತೆಗೆದರು. ಅದನ್ನು ಬಾಗಿಲಷ್ಟು ದೊಡ್ಡದು ಮಾಡಿ ತೂಗುಹಾಕಿದರು: 'ಸಂತೆಯ ಕೊಸರಿನ ಕೈ, ಈಗ ನಿಮ್ಮ ಮಾರ್ಟಿನಲ್ಲಿ.'

ಕೆಲಸ ಹನ್ನೊಂದು ತಿಂಗಳಿನದು. ಹನ್ನೆರಡಾದರೆ ಕೆಲಸ ಬಿಡಿಸುವಾಗ ಇಡಿಗಂಟು ಕೊಡಬೇಕಲ್ಲ, ಅದಕ್ಕೆ. ಕೂರಲು ಸ್ಟೂಲು ಇಲ್ಲ. ಒಳಗೆ ಹೋಗುವಾಗ, ಹೊರಗೆ ಬರುವಾಗ ಪಾರದರ್ಶಕ ಪ್ಲಾಸ್ಟಿಕ್ ಚೀಲ. ಅವಳ ಬುತ್ತಿ, ಮಂಡಿನೋವಿನ ಮುಲಾಮು, ಒಳಬಟ್ಟೆ, ಎಲ್ಲ ಕಾವಲಿನವನಿಗೆ ಕಾಣುವ ಹಾಗೆ. ಕಾರ್ಖಾನೆಯಿಂದ ಬರುವ ದೊಡ್ಡ ತೋಫು ಗಟ್ಟಿಯ ಅಂಚುಗಳು ಕತ್ತರಿಸುವಾಗ ಪುಡಿಯಾಗುತ್ತವೆ. ಆ ತುದಿಗಳನ್ನು ಬಕೆಟಿಗೆ ಹಾಕಿ ಮೇಲೆ ನೀಲಿ ಬಣ್ಣದ ನೀರು ಸುರಿಯಬೇಕು, ಯಾರೂ ತಿನ್ನದಿರಲಿ ಎಂದು. ತಾನೂ ತಿನ್ನ, ಪರರಿಗೂ ಕೊಡ ಎಂಬ ಮಾತು ಕೇಳಿದ್ದೆ. ಅದಕ್ಕೆ ಬಣ್ಣ ಹಚ್ಚುವವರನ್ನು ಅಲ್ಲೇ ಕಂಡದ್ದು.

"ದಿನಕ್ಕೆ ಎರಡು ಬಕೆಟ್ ಅಕ್ಕ," ಎನ್ನುತ್ತಿದ್ದಳು. "ನೀಲಿ ಸುರಿಯುವಾಗ ಅತ್ತೆ ಎಲ್ಲಿಂದಲೋ ನೋಡ್ತಿದಾಳೆ ಅನ್ಸುತ್ತೆ. ಅವಳು ನೆಲಕ್ಕೆ ಬಿದ್ದ ಕಾಳನ್ನೂ ತೊಳೆದು ಹಾಕೋಳು."

ಅವಳು ಕೆಲಸಕ್ಕೆ ಸೇರಿದ ಹತ್ತನೇ ತಿಂಗಳಲ್ಲಿ ಒಂದು ದಿನ ನಾನು ಅಲ್ಲಿಗೆ ಹೋದೆ. ಬೇರೆಲ್ಲಿ ತೋಫು ಸಿಗುತ್ತದೆ ಈ ಊರಲ್ಲಿ? ಒಂದು ಗಟ್ಟಿ ಕತ್ತರಿಸಿ ಚೀಲಕ್ಕೆ ಹಾಕಿದಳು. ನನ್ನ ಹಾಳು ನಾಲಿಗೆ ಮೂವತ್ತೊಂದು ವರ್ಷದ ಅಭ್ಯಾಸದಲ್ಲಿ ತಾನಾಗಿ ಆಡಿಬಿಟ್ಟಿತು.

"ಇಷ್ಟೇನೇ? ಕೊಸರಿಲ್ವಾ?"

"ನಿನ್ ಬಾಯಿಗೆ ಪೇಟೆನೂ ಸಾಲಲ್ಲ, ಮಾರ್ಟೂ ಸಾಲಲ್ಲ," ಎಂದಳು. ಅವಳ ಕೈಯೂ ತಾನಾಗಿಯೇ ಹೋಯಿತು. ಬಕೆಟಿಗೆ ಬೀಳಬೇಕಿದ್ದ ಎರಡು ತುದಿ ನನ್ನ ಚೀಲಕ್ಕೆ ಬಿದ್ದವು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು ಕಂಡೆ. ತಲೆಯ ಮೇಲಿನ ಕ್ಯಾಮೆರಾ ಇಬ್ಬರಿಗೂ ನೆನಪಾಗಲಿಲ್ಲ.

ಮರುದಿನ ಸಂಜೆ ಅವಳು ನನ್ನ ಅಂಗಡಿಗೆ ಬಂದು ಒಣಮೀನಿನ ಡಬ್ಬದ ಮೇಲೆ ಆ ಕಾಗದವಿಟ್ಟಳು.

"ಕದ್ದೆ ಅಂತ ಬರೆದಿದೆ. ನಾಳೆ ಇದಕ್ಕೆ ಸಹಿ ಅಂತ ನನ್ ಹೆಸರಿನ ಮುದ್ರೆ ಒತ್ತಿದ್ರೆ ಕ್ಷಮಿಸ್ತಾರಂತೆ, ಮುಂದಿನ ಹನ್ನೊಂದು ತಿಂಗಳೂ ಕೆಲಸ ಇರುತ್ತಂತೆ. ಇಲ್ಲ ಅಂದ್ರೆ ನಾಳೆಗೇ ಕೊನೆ."

"ಯಾರಿಗೆ ಕೊಟ್ಟೆ ಅಂತ ಕೇಳಿದ್ರಾ?"

"ಕೇಳಿದ್ರು."

"ಏನಂದೆ?"

"ಮುಖ ನೋಡ್ಲಿಲ್ಲ ಅಂದೆ." ಕಾಗದವನ್ನು ಮತ್ತೆ ಮಡಿಸಿದಳು. "ಇಷ್ಟು ವರ್ಷದಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅಕ್ಕ ಅದು."

ಒತ್ತಿಬಿಡು, ಹೊಟ್ಟೆಪಾಡು ಮುಖ್ಯ ಎಂದು ಬಾಯಿಗೆ ಬಂದಿತ್ತು. ಹೇಳಲು ನನಗೆ ಯಾವ ಮುಖವಿದೆ? ನಾಳೆ ನಾನೂ ಬರುತ್ತೇನೆ ಎಂದೆ.

ಮಾರ್ಟಿನ ಮ್ಯಾನೇಜರ್ ಕ್ವಾಕ್ ಎಂಬವನು ನನ್ನ ಕಿರಿಮಗನ ವಯಸ್ಸಿನವನು. ಬಲು ಮರ್ಯಾದೆಯ ಹುಡುಗ, ಮಾತಿಗೊಂದು ಅಮ್ಮಾ. ಎರಡನೇ ಮಹಡಿಯ ಅವನ ಕೋಣೆಯಲ್ಲಿ ನಾನು ನಿಂತೇ ಹೇಳಿದೆ:

"ಬಾಯಿಬಿಟ್ಟು ಕೇಳಿ ಇಸ್ಕೊಂಡೋಳು ನಾನು. ಕಳ್ಳಿ ಅಂತ ಬರೆಯೋದಾದ್ರೆ ಮೊದಲು ನನ್ನ ಹೆಸರು ಬರ್ಕೊಳಪ್ಪ."

ಅವನು ಎದ್ದು ಸೊಂಟ ಬಗ್ಗಿಸಿ ನಮಸ್ಕರಿಸಿದ. "ಗ್ರಾಹಕರಿಗೆ ತೊಂದರೆ ಆಯ್ತು, ಕ್ಷಮಿಸಿ ಅಮ್ಮಾ. ನಿಮ್ಮದೇನೂ ತಪ್ಪಿಲ್ಲ." ಫೋನು ಎತ್ತಿ ಏನೋ ಹೇಳಿದ. ಕೆಳಗಿನಿಂದ ಒಬ್ಬ ಹುಡುಗಿ ಉಡುಗೊರೆ ಚೀಲ ತಂದಳು. ಅದರಲ್ಲಿ ಹಳದಿ ಟೇಪು ಸುತ್ತಿದ ಎರಡು ಪೊಟ್ಟಣ ತೋಫು. ಎರಡೂ ಕೈಯಲ್ಲಿ ನನಗೆ ಕೊಟ್ಟ.

ತೆಗೆದುಕೊಂಡವಳಿಗೆ ಉಡುಗೊರೆ, ಕೊಟ್ಟವಳಿಗೆ ಕಳ್ಳಿ ಪಟ್ಟ.

"ಇದ್ಯಾವ ಸೀಮೆ ನ್ಯಾಯ? ಎಸೆಯೋ ತುದಿ ಅದು. ನೀಲಿ ಸುರಿಯೋ ಬದಲು ಒಂದು ಬಾಯಿಗೆ ಬಿತ್ತು."

"ಎಸೆಯೋ ತನಕ ಅದು ಮಾರ್ಟಿನ ಮಾಲು ಅಮ್ಮಾ. ಎಸೆದ ಮೇಲೂ ಮಾರ್ಟಿನದೇ."

"ಮತ್ತೆ ಕೆಳಗೆ ಬೋರ್ಡ್ ಹಾಕಿದೀರಲ್ಲ? ಅದರಲ್ಲಿ ಇವಳು ಕೈ ಚಾಚಿ ಕೊಡ್ತಾನೇ ಇದಾಳಲ್ಲ?"

"ಅದು ಜಾಹೀರಾತು ಅಮ್ಮಾ," ಎಂದ, ಮಗುವಿಗೆ ಪಾಠ ಹೇಳುವ ದನಿಯಲ್ಲಿ.

ಕಾನೂನಿನ ಪ್ರಕಾರ ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಇವತ್ತಿಗೂ ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಪಕ್ಕದೂರಿನ ಕಾರ್ಖಾನೆಯವನ ಕತ್ತು ಹಿಸುಕಿ ಕಿತ್ತ ಪೊಟ್ಟಣ ಕೊಡುಗೆ ಎನಿಸಿಕೊಂಡಿತು, ಬಕೆಟಿನ ಬಾಯಿಂದ ಉಳಿಸಿದ ತುದಿ ಕಳವು ಎನಿಸಿಕೊಂಡಿತು. ನಾನು ಇನ್ನೂ ಕೂಗಾಡುತ್ತಿದ್ದೆನೇನೋ. ಬಡವನ ಕೋಪ ದವಡೆಗೆ ಮೂಲ, ಇಲ್ಲಿ ನನ್ನ ಕೋಪ ಅವಳ ದವಡೆಗೆ. ಬಾಯಿ ಮುಚ್ಚಿದೆ.

ಮಲ್ಸುನ್ ಪ್ಲಾಸ್ಟಿಕ್ ಚೀಲದಿಂದ ಕನ್ನಡಕ ತೆಗೆದಳು, ಅಂಗಡಿಯ ಕಾಲದ ತನ್ನ ಹೆಸರಿನ ಮರದ ಮುದ್ರೆ ತೆಗೆದಳು. ಕ್ವಾಕ್ ಪೆನ್ನು ಮುಂದಿಟ್ಟ, ಅವನ ಮುಖ ಸಡಿಲಾಯಿತು. ಅವಳು ಕಾಗದವನ್ನು ಹತ್ತಿರ ಎಳೆದುಕೊಂಡು 'ಕದ್ದೆ' ಎಂಬ ಮಾತಿನ ಮೇಲೆ ಎರಡು ಗೆರೆ ಎಳೆದಳು. ಅದರ ಮೇಲ್ಗಡೆ, ಬೆಲೆಹಲಗೆಗೆ ಬರೆಯುತ್ತಿದ್ದ ದಪ್ಪ ಅಕ್ಷರದಲ್ಲಿ, 'ಕೊಟ್ಟೆ' ಎಂದು ಬರೆದಳು. ಬದಿಗೆ ಮುದ್ರೆ ಒತ್ತಿದಳು.

"ಈಗ ನಿಜ ಇದೆ. ಇಟ್ಕೋ."

"ಹೀಗೆ ಬರೆದ್ರೆ ಕೆಲಸ ಇರಲ್ಲ ಅಮ್ಮಾ."

"ಗೊತ್ತು ಮಗಾ. ನಿನ್ ಕೆಲಸ ಎಷ್ಟು ತಿಂಗಳದು?"

ಅವನು ಮುದ್ರೆಯ ಕೆಂಪು ಒಣಗಲೆಂದು ಕಾಗದವನ್ನು ಗಾಳಿಗೆ ಹಿಡಿದ. ನಾನು ಉಡುಗೊರೆ ಚೀಲವನ್ನು ಅವನ ಮೇಜಿನ ಮೇಲೆಯೇ ಬಿಟ್ಟೆ. ಬಾಗಿಲ ಹತ್ತಿರ ಹೋದ ಮೇಲೆ ಮಲ್ಸುನ್ ತಿರುಗಿ, ಕೆಳಗಿನ ಫೋಟೋ ಇಳಿಸಿಕೊಡು ಎಂದು ಕೇಳಿದಳು. ಫೋಟೋ ಕಂಪನಿಯದು, ಒಪ್ಪಂದದಲ್ಲಿ ಬರೆದಿದೆ ಎಂದ.

ಈಗ ಅವಳು ನನ್ನ ಅಂಗಡಿಯ ಮೂಲೆಯಲ್ಲಿ ಕೂತು ಒಣಮೀನಿನ ತಲೆ ಕಿತ್ತು, ಹೊಟ್ಟೆಯ ಕಪ್ಪು ತೆಗೆಯುತ್ತಾಳೆ. ನನ್ನ ವ್ಯಾಪಾರದಲ್ಲಿ ಇಬ್ಬರ ಹೊಟ್ಟೆ ತುಂಬುವುದಿಲ್ಲ, ಅದು ಅವಳಿಗೂ ಗೊತ್ತು. ಮಾರ್ಟಿನ ಮಾತನ್ನು ನಾವು ಎತ್ತುವುದಿಲ್ಲ. ಮುಖ ನೋಡಿ ನನ್ನ ಗಿರಾಕಿಗಳಿಗೆ ನನ್ನ ಮೀನಿನಲ್ಲೇ ಕೊಸರು ಹಾಕುತ್ತಾಳೆ, ನಾನು ಬೈಯುತ್ತೇನೆ.

ಮೊನ್ನೆ ಎಂಟನೇ ತಾರೀಖು ಸಂತೆಯ ದಿನ. ನಾನು ಅವಳಿಗೆ ಹೇಳದೆ ಮಾರ್ಟಿಗೆ ಹೋದೆ. ಫೋಟೋ ಹಾಗೆಯೇ ತೂಗುತ್ತಿತ್ತು. ಕೆಳಗೆ ಅದೇ ಹೂವಿನ ವಸ್ತ್ರ ಕಟ್ಟಿಕೊಂಡು ಬೇರೊಬ್ಬ ಹೆಂಗಸು ನಿಂತಿದ್ದಳು. ನನ್ನ ಮುಂದೆ ಯೊಮ್ ಅಜ್ಜ ಇದ್ದ. ತೋಫು ತೆಗೆದುಕೊಂಡವನು ಹೋಗದೆ, ಇನ್ನೊಂದು ಕೈ ಚಾಚಿ ನಗುತ್ತಾ ಕೇಳಿದ:

"ಕೊಸರಿಲ್ವೇನಮ್ಮ?"

ಆ ಹೆಂಗಸು ತಲೆ ಎತ್ತಿದಳು. ಫೋಟೋ ನೋಡುತ್ತಾಳೆ ಎಂದುಕೊಂಡೆ. ನೋಡಿದ್ದು ಅದರ ಪಕ್ಕದ ಕ್ಯಾಮೆರಾವನ್ನು. ಆಮೇಲೆ ಹಲಗೆಯ ಮೇಲಿದ್ದ ಎರಡು ತುದಿಗಳನ್ನು ಚಾಕುವಿನಿಂದ ಬಕೆಟಿಗೆ ತಳ್ಳಿ, ಮೇಲೆ ನೀಲಿ ನೀರು ಸುರಿದಳು. ಮೇಲೆ ಫೋಟೋದಲ್ಲಿ ಮಲ್ಸುನ್ ಕೈ ಚಾಚಿಯೇ ಇದ್ದಳು. ಕೆಳಗೆ ಅಜ್ಜನೂ ಸ್ವಲ್ಪ ಹೊತ್ತು ಚಾಚಿದ ಕೈಯನ್ನು ಹಾಗೆಯೇ ಹಿಡಿದಿದ್ದ.