ತುದಿಯ ಕಡೆ ಮುಖ ಮಾಡಿದ ಮುಳ್ಳು

ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸುವವಳು. ಗಿಡದ ರೋಮ, ಮುಳ್ಳು ಯಾವ ಕಡೆ ವಾಲಿವೆ ಎನ್ನುವುದಕ್ಕೂ ನಮ್ಮಲ್ಲಿ ಹೆಸರುಂಟು. ತುದಿಯ ಕಡೆ ಬಾಗಿದರೆ ಮುಮ್ಮುಖ, ಬುಡದ ಕಡೆ ಬಾಗಿದರೆ ಹಿಮ್ಮುಖ. ಎಷ್ಟು ಹೇಳಿದರೂ ಮಕ್ಕಳ ತಲೆಗೆ ಹೋಗುವುದಿಲ್ಲ. ಅದಕ್ಕೇ ಗದ್ದೆ ಬದಿಯ ಹುಲ್ಲಿನ ತೆನೆ ಕಿತ್ತು, ಬುಡದ ಕಡ್ಡಿ ಮೇಲಾಗಿ ಅಂಗಿಯ ತೋಳಿನೊಳಗೆ ಇಟ್ಟು ಕೈ ಆಡಿಸಲು ಹೇಳುತ್ತೇನೆ. ನಾವೆಲ್ಲ ಸಣ್ಣವರಿದ್ದಾಗ ಆಡಿದ ಆಟವೇ ಅದು. ತೆನೆ ತಾನಾಗಿ ಏರಿ ಕಾಲರಿನ ಹತ್ತಿರ ಹೊರಬರುತ್ತದೆ. ಹಿಂದಕ್ಕೆ ಎಳೆದರೆ ಬರುವುದಿಲ್ಲ, ಮುಮ್ಮುಖ ಮುಳ್ಳುಗಳು ಬಟ್ಟೆ ಕಚ್ಚಿಕೊಳ್ಳುತ್ತವೆ.

ಆ ಭಾನುವಾರ ಕುಕ್ಕುಂದೂರಿನ ತವರಿನಲ್ಲಿ ನನ್ನ ನಾಲ್ಕು ವರ್ಷದ ಮಗಳು ಅಂಥದ್ದೇ ತೆನೆಯ ಕಡ್ಡಿ ಬಾಯಲ್ಲಿಟ್ಟುಕೊಂಡು ಓಡುತ್ತಿದ್ದಳು. ನಗು ಬಂತು, ಉಸಿರೆಳೆದಳು, ಬಾಯಲ್ಲಿ ತೆನೆ ಇಲ್ಲ. ಅವಳನ್ನು ಎತ್ತಿಕೊಂಡು ಕಾರಿಗೆ ಓಡಿದೆ.

ಮಣಿಪಾಲದ ಆಸ್ಪತ್ರೆಯ ದಾರಿಯಲ್ಲಿ ಕಾರು ಹಿರಿಯಡ್ಕ ದಾಟಿದರೂ ಅವಳ ಕೆಮ್ಮು ನಿಲ್ಲಲಿಲ್ಲ.

"ಕೆಮ್ಮಲಿ ಮಾರಾಯ್ತಿ, ಕೆಮ್ಮಿದರೆ ಹೊರಗೆ ಬರ್ತದೆ" ಎಂದರು ನನ್ನ ಗಂಡ.

"ಬರುವುದಿಲ್ಲ! ನೀವು ಸುಮ್ಮನೆ ಗಾಡಿ ಬಿಡಿ!" ಎಂದು ಹರಿಹಾಯ್ದೆ. ಒಂದೊಂದು ಕೆಮ್ಮಿಗೂ ಅದು ತೋಳಿನೊಳಗಿನ ತೆನೆಯ ಹಾಗೆ ಇನ್ನಷ್ಟು ಒಳಗೆ ಹೋಗುತ್ತಿದೆ ಎನ್ನಲು ಬಾಯಿ ಬರಲಿಲ್ಲ. "ಅಮ್ಮ, ಬಂತಾ?" ಎಂದು ಮಗು ಬಾಯಿ ತೆರೆದು ತೋರಿಸುತ್ತಿತ್ತು. ಸುಡಲಿ ನನ್ನ ಪಾಠ! ಏನೂ ಗೊತ್ತಿಲ್ಲದಿದ್ದರೆ ನನ್ನ ಗಂಡನ ಹಾಗೆ ಮಣಿಪಾಲದವರೆಗಾದರೂ ಆಸೆ ಇಟ್ಟುಕೊಂಡಿರುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಕಡೆಯಿಂದ ಒಳಗೆ ಹೋದದ್ದು ಮೇಡಂ? ಗೊತ್ತುಂಟಾ?"

"ಕಡ್ಡಿಯ ಕಡೆಯಿಂದ" ಎಂದೆ. ಅವರು ಕೂಡಲೇ ಥಿಯೇಟರ್ ಸಿದ್ಧ ಮಾಡಲು ಹೇಳಿದರು.

ಮಗುವಿಗೆ ಮತ್ತು ಬರಿಸಿ, ಟ್ಯೂಬ್ ಇಳಿಸಿ ನೋಡಿದರು. ತೆನೆ ಶ್ವಾಸಕೋಶದ ಆಳಕ್ಕೆ ಇಳಿದಿತ್ತು, ಇಕ್ಕಳಕ್ಕೆ ಸಿಗಲಿಲ್ಲ. "ಸದ್ಯ ಸೋಂಕು ಆಗದ ಹಾಗೆ ಔಷಧಿ ಕೊಡುವ. ಆಪರೇಷನ್ ಬೇಕಾಗಬಹುದು. ಕೆಲವು ಸಲ ಅದೇ ದಾರಿ ಮಾಡಿಕೊಂಡು ಪಕ್ಕೆಯಿಂದ ಹೊರಗೆ ಬರುವುದುಂಟು. ಎಲ್ಲಿಯಾದರೂ ಬಾವು ಕಂಡರೆ ಕೂಡಲೇ ಹೇಳಿ" ಎಂದರು ಡಾಕ್ಟರು. ತಲೆಯಾಡಿಸಿದೆ.

ಅಂದಿನಿಂದ ವಾರ್ಡಿನಲ್ಲಿ ದಿನಾ ಬೆಳಿಗ್ಗೆ ಅವಳ ಅಂಗಿ ಎತ್ತಿ, ಪಕ್ಕೆಲುಬುಗಳ ಮೇಲೆ ಬೆರಳಾಡಿಸುವುದೇ ನನ್ನ ಕೆಲಸವಾಯಿತು. ಬೇರೆ ಏನು ಮಾಡಲೂ ನನ್ನಿಂದಾಗುತ್ತಿರಲಿಲ್ಲ. ಅವಳಿಗೋ ಅದು ಆಟ, "ಕಚಗುಳಿ, ಕಚಗುಳಿ" ಎಂದು ಹೊರಳಾಡಿ ನಗುತ್ತಿದ್ದಳು.

ಇವತ್ತೂ ನಗುತ್ತಿದ್ದಳು. ಬಲಗಡೆ, ಬೆನ್ನಿನ ಹತ್ತಿರ, ಒಂದು ಕಡೆ ಬೆರಳಿಗೆ ಬಿಸಿ ತಾಗಿತು. ಅಲ್ಲಿ ಮಾತ್ರ ಅವಳು ನಗಲಿಲ್ಲ.