ಹದಿನೆಂಟು ಬಲತೋಳು

ಮೂವತ್ತು ವರ್ಷದಿಂದ ಹೊಲಿಗೆ ಕಲಿಸುತ್ತಿದ್ದ ಮಾಸ್ತರರು ಹೊಸ ತರಗತಿಯ ಮುಂದೆ ಅಂಗಿಯ ಎರಡು ತೋಳು ಕತ್ತರಿಸಿ, ಗತ್ತಿನಿಂದ ಎತ್ತಿ ಹಿಡಿದರು. ಎರಡೂ ಬಲಗೈಯವೇ ಆಗಿದ್ದವು. ಒಂದೇ ಬದಿಗೆ ಹೂವಿದ್ದ ಬಟ್ಟೆಯಾದ್ದರಿಂದ ತಿರುಗಿಸಿ ಹೊಲಿಯುವಂತೆಯೂ ಇರಲಿಲ್ಲ.

ಕತ್ತರಿ ಆಡಿಸುವಾಗಲೇ ಹಿಂದಿನ ಬೆಂಚಿನಿಂದ ಬೇಕರಿಯವರ ಸೊಸೆ, "ಸಾರ್, ಎರಡನೇ ತೋಳಿಗೆ ಅಳತೆ ಕಾಗದ ಮಗುಚಿ ಇಡ್ಬೇಕಲ್ವಾ? ಫೋನಲ್ಲಿ ನೋಡಿದ್ದೆ" ಎಂದಿದ್ದಳು.

"ಫೋನಲ್ಲಿ ಕಲಿತೋರು ಫೋನಿಗೇ ಅಂಗಿ ಹೊಲೀರಮ್ಮ" ಎಂದು ಮಾಸ್ತರರು ಅವಳ ಬಾಯಿ ಮುಚ್ಚಿಸಿದ್ದರು. ಅವರ ಪ್ರಕಾರ ಏನೂ ಗೊತ್ತಿಲ್ಲದವರು ಚಿನ್ನದಂಥ ಶಿಷ್ಯರು, ಅರ್ಧಂಬರ್ಧ ಗೊತ್ತಿರುವವರು ತಲೆನೋವು.

ಅವರನ್ನೇ ನೋಡುತ್ತ ಕತ್ತರಿಸುತ್ತಿದ್ದ ಆ ಚಿನ್ನದಂಥ ಎಂಟು ಮಂದಿಯೂ ಈಗ ತಮ್ಮ ತೋಳುಗಳನ್ನು ಎತ್ತಿ ತೋರಿಸಿದರು. ಗುರುಗಳನ್ನು ಕಣ್ಣುಮುಚ್ಚಿ ನಂಬಿದ್ದರಿಂದ ಎಲ್ಲರದ್ದೂ ಎರಡೆರಡು ಬಲತೋಳೇ. ತಲೆನೋವಿನ ಕೈಯಲ್ಲಿ ಮಾತ್ರ ಒಂದು ಎಡ, ಒಂದು ಬಲ.

"ಬಟ್ಟೆ ಹಾಳಾಯ್ತು. ನಾಳೆಯಿಂದ ಈ ಅಕ್ಕನ ಮನೆಗೇ ಹೋಗಿ ಕಲಿಯೋಣ ಬನ್ರೇ" ಎಂದು ಒಬ್ಬಳು ಗೊಣಗುತ್ತ ಎದ್ದಳು; ಉಳಿದವರೂ ಎದ್ದರು.

ಮೂವತ್ತು ವರ್ಷದ ಮಾನ ಮೇಜಿನ ಅಂಚಿಗೆ ಬಂದು ನಿಂತಿತು. ಮಾಸ್ತರರು ಸೀಮೆಸುಣ್ಣವನ್ನು ಸೊಸೆಯ ಕೈಗಿಟ್ಟರು. "ತೋಳು ನೀನೇ ಹೇಳ್ಕೊಡಮ್ಮ. ಕತ್ತು ನಾನು ಕತ್ತರಿಸ್ತೀನಿ."

ಎಲ್ಲರೂ ನಕ್ಕು ಮತ್ತೆ ಕೂತರು. ಸೊಸೆಗೆ ಕನಿಕರ ಬಂತು. "ಸಾರ್, ನಿಮಗೆ ಇದೆಲ್ಲ ಕಲಿಸಿದ ಗುರುಗಳು ಯಾರು?"

"ಎರಡೇ ದಿನ ಹೋಗಿದ್ದೆ ಕಣಮ್ಮ. ಎದುರು ಮಾತಾಡ್ತೀಯ ಅಂತ ಓಡಿಸಿಬಿಟ್ರು."